ಬೋರ್ಡಿನ ಹಿಂದಿನ ಸದ್ದು

ಮೇ 6

ಮತ್ತೆ ಮೆಟ್ಟಿಲು ತೊಳೆದೆ. ಮತ್ತೆ ಬಾವಲಿ ಹಿಕ್ಕೆ. ನನ್ನ ಟೈಲರಿಂಗ್ ಅಂಗಡಿಯ ತಗಡಿನ ಬೋರ್ಡಿಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಸಂದು. ಅಷ್ಟರಲ್ಲೇ ಸಂಸಾರ ಹೂಡಿವೆ. ಟೀಚರಮ್ಮ ಮಗಳ ಬಿಳಿ ಫ್ರಾಕನ್ನು ಬೆಳಕಿಗೆ ಹಿಡಿದು ನೋಡಲು ಹೊರಗೆ ನಿಂತರು. ಹೊಲಿಗೆ ಚೆನ್ನಾಗಿದೆ ಎನ್ನುವಷ್ಟರಲ್ಲಿ ಮೇಲಿಂದ ಪಟ್ ಎಂದು ಬಿತ್ತು.

"ಮೊದ್ಲು ಬೋರ್ಡ್ ಕ್ಲೀನ್ ಮಾಡಿಸಿ, ಆಮೇಲೆ ಹೊಲೀರಂತೆ." ಫ್ರಾಕು ನನ್ನ ಮೇಲೇ ಎಸೆದು ಹೋದರು. ಮೈಯೆಲ್ಲ ಉರಿಯಿತು.

ಮಾವನಿಗೆ ಹೇಳಿದರೆ ನಗು. "ಸೊಳ್ಳೆ ತಿಂದು ಬಾಡಿಗೆ ತೀರಿಸ್ತಾವೆ ಬಿಡಮ್ಮ." ನಮ್ಮ ಮನೆಯವರು ಲಾರಿ ತೆಗೆದುಕೊಂಡು ಹೋದರೆ ವಾರಗಟ್ಟಲೆ ಬರುವುದಿಲ್ಲ, ಮನೆಯಲ್ಲಿ ನಾನು ಮತ್ತು ಮಾವ. ಅತ್ತೆ ಹೋದ ಮೇಲೆ ಮಾವ ಹೊರಗೆ ಬಂದು ಕೂರುವುದೇ ಈ ಬಾವಲಿಗಳಿಗಾಗಿ. ಮುಸ್ಸಂಜೆ ಎದುರಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಹಾರುವುದನ್ನು ನೋಡುತ್ತಾರೆ. ಕೊನೆಯದು ಹೋದ ಮೇಲೆ ಕೂಗು — "ಎಲ್ಲಾ ಹೋದ್ವು ಕಣಮ್ಮಾ!" ಆಗ ನಾನು ಟೀ ತರಬೇಕು. ಕಿವಿ ಮಂದ, ಕಣ್ಣು ಮಾತ್ರ ಬಲು ಚುರುಕು.

ಮೇ 8, ಸಂಜೆ

ಮುಗಿಸಿದೆ. ಕೊಲ್ಲಲು ನನಗೇನು ಹುಚ್ಚೇ? ಅವು ಹೊರಗೆ ಹೋಗುವವರೆಗೂ ಕಾದೆ. ಮಾವ "ಎಲ್ಲಾ ಹೋದ್ವು" ಎಂದು ಕೂಗಿ, ಟೀ ಕುಡಿದು, ಸ್ನಾನಕ್ಕೆ ಹೋದರು. ಸ್ಟೂಲ್ ಹತ್ತಿ ಕಟಿಂಗ್ ಚಿಂದಿಯನ್ನೆಲ್ಲ ಸಂದಿಗೆ ತುರುಕಿದೆ. ಸುತ್ತಲೂ, ಸ್ಕೇಲಿನಿಂದ ಒತ್ತಿ ಒತ್ತಿ. ಬೇರೆ ಮನೆ ನೋಡಿಕೊಳ್ಳಲಿ. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ.

ಇಳಿಯುವಾಗ ಒಳಗೆ ಏನೋ ಚಿಂಯ್ ಎಂದಂತಾಯಿತು. ತಗಡು ಇರಬೇಕು.

ಮೇ 9

ತಗಡಲ್ಲ.

ನಸುಕಿನಲ್ಲಿ ಬಂದು ಬೋರ್ಡಿಗೆ ಬಡಿದುಕೊಂಡವು. ಒಳಗಿಂದ ಸಣ್ಣ ದನಿಗಳು, ಹೊರಗೆ ಇವು. ಮರಿಗಳನ್ನು ಮಲಗಿಸಿ ಮೇಯಲು ಹೋಗಿದ್ದವು... ಇಷ್ಟೂ ನನ್ನ ತಲೆಗೆ ಹೊಳೆಯಲಿಲ್ಲವಲ್ಲ.

ಆಗಲೇ ಕೀಳಬೇಕಿತ್ತು. ಮಾವ ಎದ್ದುಬಿಟ್ಟಿದ್ದರು. ಅವರ ಮುಂದೆ ಸ್ಟೂಲ್ ಹತ್ತಲು ಮುಖ ಇರಲಿಲ್ಲ. ಮಶೀನಿನ ಮುಂದೆ ಕೂತು ಬೇಡದ ಬಟ್ಟೆಗೂ ಹೊಲಿಗೆ ಹಾಕಿದೆ. ಕಾಲು ನಿಲ್ಲಿಸಿದರೆ ಕೇಳುತ್ತದೆ. ನಿಲ್ಲಿಸಲಿಲ್ಲ.

ಸಂಜೆ ಮಾವ ಕಟ್ಟೆಯ ಮೇಲೆ ಕೂತೇ ಇದ್ದರು. ಬೋರ್ಡಿನಿಂದ ಒಂದೂ ಹೊರಡಲಿಲ್ಲ.

"ಹೊಸ ಬೀದಿದೀಪಕ್ಕೆ ಹೆದರ್ಕೊಂಡ್ವೇನೋ."

"ಇರ್ಬಹುದು ಮಾವ."

ಟೀ ಮುಟ್ಟಲಿಲ್ಲ.

ಮೇ 11

ನಿನ್ನೆ ಬರೆಯಲು ಕೈ ಬರಲಿಲ್ಲ.

ನಿನ್ನೆ ಬೆಳಗ್ಗೆ ಮಾವ ಹಾಲು ತರಲು ಹೋದಾಗ ಚಿಂದಿ ಕಿತ್ತೆ. ಜೊತೆಗೇ ಉದುರಿದವು. ಹೆಬ್ಬೆರಳಿನಷ್ಟೂ ಇಲ್ಲ, ಮೈಮೇಲೆ ಕೂದಲೂ ಇಲ್ಲ. ಒಂದು ಮಾತ್ರ ಬಾಯಿ ತೆರೆಯುತ್ತಿತ್ತು. ಅದನ್ನು ಬಟ್ಟೆಯಲ್ಲಿ ಹಿಡಿದು ಸಂದಿಗೆ ಸೇರಿಸಿ ತಿರುಗಿದೆ — ಹಿಂದೆ ಮಾವ.

ನೆಲದ ಮೇಲಿದ್ದ ಚಿಂದಿಯಲ್ಲಿ ಒಂದನ್ನು ಎತ್ತಿಕೊಂಡರು. ನೀಲಿ ಚೌಕಳಿ. ಅವರು ತೊಟ್ಟ ಶರ್ಟಿನದೇ ತುಂಡು, ನಾನೇ ಹೊಲಿದದ್ದು. ಶರ್ಟು ನೋಡಿಕೊಂಡರು. ಬೋರ್ಡು ನೋಡಿದರು. ಬೈದರೆ ಸಾಕು ಎಂದು ತಲೆ ತಗ್ಗಿಸಿ ನಿಂತೆ.

"ನಂದೇ ತಪ್ಪು ಕಣಮ್ಮ. ಎಲ್ಲಾ ಹೋದ್ವು ಅಂತ ಕೂಗಿದ್ದು ನಾನು. ಪಾಪ, ನಿಂಗೇನ್ ಗೊತ್ತಿತ್ತು?"

ಸತ್ತವನ್ನು ಅವರೇ ಮಣ್ಣು ಮಾಡಿದರು. ಆ ತುಂಡು ಬಟ್ಟೆಯಲ್ಲಿ ಸುತ್ತಿ.

ಸಂಜೆ ಒಂದು ತಾಯಿ ಬಂತು. ಸಂದಿಗೆ ನುಗ್ಗಿ, ಮರಿಯನ್ನು ಎದೆಗೆ ಅಂಟಿಸಿಕೊಂಡು ಹಾರಿತು.

ಮೇ 15

ಮತ್ತೆ ಒಂದೂ ಬಂದಿಲ್ಲ. ಟೀಚರಮ್ಮ ಹೊಸ ಬಟ್ಟೆ ಕೊಟ್ಟು ಹೋದರು. "ಈಗ ನೋಡಿ, ಎಷ್ಟು ಕ್ಲೀನು!" ಅಂತೆ. ನಕ್ಕೆ. ನಾನು ನಕ್ಕೆ!

ಮಾವ ಕಟ್ಟೆಗೆ ಹೋಗುತ್ತಿಲ್ಲ. ಮುಸ್ಸಂಜೆಗೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. "ಈ ಹಾಳು ಕಣ್ಣು ನಂಬ್ಕೊಂಡು ಕೂಗ್ಬಿಟ್ನಲ್ಲ..."

ಅವರ ಕಣ್ಣು ಸರಿಯಾಗಿಯೇ ಇತ್ತು. ಹಾರುವವೆಲ್ಲ ಹಾರಿದ್ದವು. ಈಗಲೇ ಹೋಗಿ ಹೇಳಿಬಿಡುತ್ತೇನೆ. ನಿಂಗೇನ್ ಗೊತ್ತಿತ್ತು ಅಂದಿರಲ್ಲ ಮಾವ, ಗೊತ್ತಿತ್ತು. ಇಡೀ ದಿನ ಸುಮ್ಮಸುಮ್ಮನೆ ಮಶೀನು ತುಳಿದೆ. ನಿಮಗೆ ಕೇಳಿಸಲಿಲ್ಲ, ಸರಿ. ಆದರೆ ನನಗೆ —