ಒಳಗಿನ ಕಾಗದ

ತೈನಾನ್
೧೨ ಮಾರ್ಚ್ ೧೯೯೭

ಪ್ರೀತಿಯ ಬಿಯುನ್,

ನಿನಗೂ ಮಕ್ಕಳಿಗೂ ಈ ಭಾವನ ಆಶೀರ್ವಾದ. ನೀನು ಕಳಿಸಿದ ಒಣಮೂಲಂಗಿ ಬಂದು ಎಷ್ಟೋ ದಿನವಾಯಿತು, ಅರ್ಧ ಖರ್ಚೂ ಆಯಿತು. ಉತ್ತರ ಬರೆಯಲು ಮಾತ್ರ ಕೈ ಏಳಲಿಲ್ಲ, ಕ್ಷಮಿಸು. ಈ ಮನೆಯಲ್ಲಿ ವಿಳಾಸ ಬರೆಯುವ ಕೆಲಸ ನಿನ್ನ ಅಕ್ಕನದಾಗಿತ್ತಲ್ಲ. ಲಕೋಟೆಯ ಮೇಲಿನ ನನ್ನ ಕಾಗೆಕಾಲು ಗುಬ್ಬಿಕಾಲು ನೋಡಿ ನಗಬೇಡ.

ಅವಳ ನೂರನೆಯ ದಿನದ ಪೂಜೆ ಮುಗಿಯಿತು. ಸೊಂಟನೋವಿನಲ್ಲಿ ನಿನಗೆ ಹುವಾಲಿಯೆನ್‌ನಿಂದ ಅಷ್ಟು ದೂರ ಬರಲಾಗಲಿಲ್ಲವೆಂದು ಕೊರಗಬೇಡ. ಅವಳಿಗೆ ಇಷ್ಟವಾದ ಮೀನಿನ ಗಂಜಿ ಇಟ್ಟೆ, ಕಾಗದದ ನೋಟು ಸುಟ್ಟೆ. ಸುಟ್ಟ ಕಾಗದ ಹೋದವರಿಗೆ ಮುಟ್ಟುತ್ತದೆ ಎನ್ನುತ್ತಾರೆ. ಅಲ್ಲಿಂದ ಇಲ್ಲಿಗೆ ಬರುವ ಅಂಚೆ ಮಾತ್ರ ಇಲ್ಲ.

ಇನ್ನು ಸುದ್ದಿ. ನನ್ನ ಸಂಗ್ರಹವನ್ನು ಮಾರಿಬಿಡೋಣವೆಂದು ಅಂಚೆಚೀಟಿ ಅಂಗಡಿಯ ಕೊ ಇದ್ದಾನಲ್ಲ, ಅವನನ್ನು ಕರೆಸಿದ್ದೆ. ಚೀನೀ ಚಕ್ರವರ್ತಿಗಳ ಕಾಲದ ಡ್ರ್ಯಾಗನ್ ಚೀಟಿಗಳು, ಜಪಾನೀಯರ ಕಾಲದ ಲಕೋಟೆಗಳು ಎಲ್ಲವನ್ನೂ ಚಿಮಟಿಗೆಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ನೋಡಿದ. ಆಮೇಲೆ ಅವಳ ಕೈಬರಹದವು ಬಂದವು. ಹೊಸ ಚೀಟಿ ಹೊರಬಂದ ದಿನವೇ ಲಕೋಟೆಗೆ ಅಂಟಿಸಿ, ಆ ದಿನದ ಮುದ್ರೆ ಒತ್ತಿಸಿ, ನನ್ನ ಹೆಸರಿಗೆ ನಾನೇ ಅಂಚೆಗೆ ಹಾಕಿಕೊಳ್ಳುವ ನನ್ನ ಹುಚ್ಚು ನಿನಗೆ ಗೊತ್ತು. ದೇವಸ್ಥಾನದ ಬಾಗಿಲಿಗೆ ಪದ್ಯ ಬರೆಯುತ್ತಿದ್ದ ನಿಮ್ಮಪ್ಪನ ಕೈ ಅವಳಿಗೆ ಬಂದಿತ್ತು. ಕುಂಚದಲ್ಲಿ ನನ್ನ ವಿಳಾಸ ಬರೆದು, ಲಕೋಟೆ ಅಂಟಿಸಿ ಕೊಡುವವಳೂ ಅವಳೇ. ನಾಲ್ಕು ದಿನ ಬಿಟ್ಟು ಅದು ವಾಪಸು ಬಂದಾಗ, “ರೀ, ತಗೊಳ್ಳಿ, ನಿಮ್ಮ ಊರಿಲ್ಲದ ನೆಂಟರು ಕಾಗದ ಹಾಕಿದಾರೆ” ಎಂದು ಛೇಡಿಸುತ್ತಿದ್ದಳು.

ಕೊ ಒಂದು ಲಕೋಟೆಯನ್ನು ಬೆರಳಲ್ಲಿ ಒತ್ತಿದ. “ಅಣ್ಣಾ, ಇದ್ರೊಳಗೆ ಏನೋ ಇದೆ.”

ಅವಳೇನಾದರೂ ಬರೆದಿಟ್ಟಿದ್ದಾಳೆಯೇ ಎಂದು ಬಗ್ಗಿ ನೋಡಿದೆ. ಅವನು ಇನ್ನೆರಡನ್ನು ಒತ್ತಿ ನಕ್ಕ. “ಅಯ್ಯೋ, ಏನಿಲ್ಲ ಬಿಡಿ. ಮಡಚಿಹೋಗ್ದೇ ಇರ್ಲಿ ಅಂತ ಅತ್ತಿಗೆ ರಟ್ಟು ಹಾಕಿದಾರೆ. ಎಲ್ಲದ್ರಲ್ಲೂ ಇದೆ.”

ರಟ್ಟು ಹಾಕಿದ ಕೈ ಒಂದರ ಮೇಲಾದರೂ ಒಂದು ಸಾಲು ಬರೆದಿರಬಾರದೇ? ನಾನು ಕತ್ತರಿ ತೆಗೆದುಕೊಂಡೆ.

“ನಿಮ್ಗೇನು ತಲೆ ಕೆಟ್ಟಿದೆಯಾ? ಕೆಳಗಿಡಿ! ಕತ್ತರಿಸಿದ ಕವರು ಕಡಲೆಕಾಯಿ ಕಟ್ಟೋಕೂ ಬರಲ್ಲ!”

“ಸರಿ, ಅವಳನ್ನೇ ಕೇಳೋಣ” ಎಂದು ಫೋಟೋದ ಮುಂದೆ ಕೂತು ಹೋದವರನ್ನು ಪ್ರಶ್ನೆ ಕೇಳುವ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದೆ. ಎರಡೂ ಅಂಗಾತ ಬಿದ್ದವು. ಮತ್ತೆ ಹಾಕಿದೆ, ಮತ್ತೆ ಅಂಗಾತ.

“ನೋಡಿ, ಅತ್ತಿಗೆ ಬೇಡ ಅಂತಿದಾರೆ” ಎಂದ ಕೊ.

“ಬೇಡ ಅನ್ನೋದಾದ್ರೆ ಎರಡೂ ಬೋರಲು ಬೀಳ್ಬೇಕು ಕಣಯ್ಯ. ಇದು ನಗು. ಬದುಕಿದ್ದಾಗ್ಲೂ ಇವಳು ಹಿಂಗೇ, ಏನು ಕೇಳಿದ್ರೂ ಮೊದ್ಲು ನಗೋದು.”

ಮೂರನೆಯ ಸಲ ಒಂದು ಅಂಗಾತ, ಒಂದು ಬೋರಲು. ಒಪ್ಪಿದಳು. ಕೊ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು ತನ್ನ ತೆಳ್ಳನೆಯ ಚಾಕು ತೆಗೆದ. “ಹಾಳು ಮಾಡೋದಾದ್ರೂ ಅಚ್ಚುಕಟ್ಟಾಗಿ ಮಾಡೋಣ” ಎಂದು ಗೊಣಗುತ್ತಾ ಸಂಜೆಯವರೆಗೆ ಕೂತು ಎಲ್ಲವನ್ನೂ ಬಿಡಿಸಿದ. ಚಂದ್ರಹಬ್ಬದ ಸಿಹಿಯ ಪೆಟ್ಟಿಗೆ, ಬಿಸ್ಕತ್ತಿನ ಪೆಟ್ಟಿಗೆ, ಹಳೆಯ ಕ್ಯಾಲೆಂಡರು, ಹೀಗೆ ಕತ್ತರಿಸಿದ ರಟ್ಟುಗಳ ರಾಶಿ. ಒಂದರ ಮೇಲೂ ಅವಳ ಕೈಯ ಒಂದಕ್ಷರ ಇಲ್ಲ.

ಅವಳದೇನೂ ತಪ್ಪಿಲ್ಲ. ಮದುವೆಯಾದಂದಿನಿಂದ ಒಂದೇ ಸೂರಿನಡಿ ಇದ್ದೆವು, ಅಡುಗೆಮನೆಯಿಂದ ಕೂಗಿದರೆ ಕೇಳುವ ಗಂಡನಿಗೆ ಯಾರು ಕಾಗದ ಬರೆಯುತ್ತಾರೆ? ಆದರೆ ನನ್ನ ಹಳೆಯ ಲಕೋಟೆಗಳಲ್ಲಿ ಒಬ್ಬ ಚಹಾ ವ್ಯಾಪಾರಿಗೆ ಅವನ ಹೆಂಡತಿ ಬರೆದದ್ದಿದೆ: “ಚಳಿ ಶುರುವಾಯಿತು. ನಿಮ್ಮ ಹತ್ತಿಯಂಗಿ ಇಲ್ಲೇ ಇದೆ. ನಾಚಿಕೆಯಿದ್ದರೆ ಬಂದು ತೆಗೆದುಕೊಂಡು ಹೋಗಿ.” ಮುದ್ರೆ ಅಪರೂಪದ್ದೆಂದು ಕೊಂಡಿದ್ದೆ. ಈಗ ದಿನವೂ ಅದನ್ನು ಓದುತ್ತೇನೆ, ಸತ್ತು ಎಷ್ಟೋ ಕಾಲವಾದ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುತ್ತೇನೆ.

ನಿನಗೆ ಅವಳು ತಿಂಗಳು ತಿಂಗಳೂ ಬರೆಯುತ್ತಿದ್ದಳಲ್ಲ. ಒಂದು ಪತ್ರ ನನಗೆ ಕೊಡುತ್ತೀಯಾ? ಉಪ್ಪಿನಕಾಯಿ ಹಾಕಿದ ವಿಷಯವಿರಲಿ, ನನ್ನನ್ನು ಬೈದದ್ದೇ ಇರಲಿ.

ಸೊಂಟಕ್ಕೆ ಶುಂಠಿಯ ಎಣ್ಣೆ ಹಚ್ಚು, ಭಾರ ಎತ್ತಬೇಡ. ಮೊಮ್ಮಗಳು ಚೆನ್ನಾಗಿ ಓದಲಿ. ನಿಮ್ಮ ಮನೆಯ ಒಲೆ ಬೆಚ್ಚಗಿರಲಿ.

ನಿನ್ನ ಭಾವ,
ತೆಂಗ್‌ಮಿಂಗ್

ಮತ್ತೆ: ಇದನ್ನು ಮೇಲೆ ಬರೆಯಲಾಗಲಿಲ್ಲ. ಕೊನೆಯ ಎರಡು ವರ್ಷದ ಲಕೋಟೆಗಳಲ್ಲಿದ್ದ ರಟ್ಟು ಬಿಸ್ಕತ್ತಿನ ಪೆಟ್ಟಿಗೆಯದಲ್ಲ. ಹೊಟ್ಟೆನೋವಿನ ಮಾತ್ರೆಯ ಪೆಟ್ಟಿಗೆಯದು, ಎಲ್ಲವೂ. ಆಸ್ಪತ್ರೆಯಲ್ಲಿ ಡಾಕ್ಟರು, “ಗಡ್ಡೆ ಇಷ್ಟು ದೊಡ್ಡದಾಗೋವರೆಗೂ ನೋವೇ ಇರ್ಲಿಲ್ವಾ?” ಎಂದಾಗ ಅವಳು “ಇರ್ಲಿಲ್ಲ ಡಾಕ್ಟ್ರೇ” ಎಂದಿದ್ದಳು. ನಾನೂ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದ್ದೆ. ಆ ಲಕೋಟೆಗಳನ್ನು ಅಂಚೆಗೆ ಹಾಕಿದವನು ನಾನು, ಬಂದಾಗ ತೆಗೆದುಕೊಂಡವನು ನಾನು, ಭೂತಗನ್ನಡಿ ಹಿಡಿದು ಮುದ್ರೆಯ ತಾರೀಖು ನೋಡಿದವನು ನಾನು. ನಿನಗಾದರೂ ಬರೆದಿದ್ದಳೇ, ನೋಯುತ್ತದೆ ಅಂತ? ಬರೆದಿದ್ದರೆ ಆ ಪತ್ರವನ್ನೇ ಕಳಿಸು. ಚೀಟಿ ಬೇಡ, ಲಕೋಟೆಯೂ ಬೇಡ. ಒಳಗಿನ ಕಾಗದ ಸಾಕು.