ಎರಡನೆಯ ಕರೆ

ಭಾನುವಾರ, ಮಧ್ಯಾಹ್ನ

ಅಕ್ಕರೆಯ ತಂಗಿಗೆ,

‘ನೀರಿಗೆ ಯಾರೂ ದಾರಿ ಕಲಿಸಬೇಕಿಲ್ಲ’ ಎಂದೇನೋ ಒಂದು ಕವಿತೆಯ ಸಾಲು. ಮುಂದಿನದು ಮರೆತಿದೆ, ಬರೆದವರು ಯಾರೆಂಬುದೂ ಮರೆತಿದೆ. ಎಂ.ಎ. ಓದುವಾಗ ತಲೆದೂಗಿದ್ದೆ. ಈಗ ಅನುಮಾನ. ನಿನ್ನ ಮಗಳು ನನ್ನ ಪಡಸಾಲೆಯಲ್ಲಿ ಪೈಪು ಕತ್ತರಿಸಿ, ಮೂಲೆಗೆ ತಿರುವಿನ ತುಂಡು ಕೂರಿಸಿ, ಎಲ್ಲಾದರೂ ಸೋರುತ್ತದೆಯೇ ಎಂದು ಬೆರಳಾಡಿಸುವುದನ್ನು ಕಂಡ ಮೇಲೆ, ನೀರಿಗೂ ಯಾರಾದರೂ ಕೂತು ಕಲಿಸಬೇಕು ಅನ್ನಿಸುತ್ತಿದೆ.

ಶುಕ್ರವಾರ ಬಂದು ಅವಳನ್ನು ಕರೆದೊಯ್ಯುತ್ತೇನೆ, ಅವರಪ್ಪನ ಬಟ್ಟೆ ಅಂಗಡಿಯಲ್ಲಿ ಕೂರಲಿ ಎಂದು ಬರೆದಿದ್ದೀಯ. ಸರ್ಟಿಫಿಕೇಟ್ ಸಿಕ್ಕಿದ್ದರೆ ಮಾತು ಬೇರೆ, ಎಂದೂ ಸೇರಿಸಿದ್ದೀಯ. ಯಾಕೆ ಸಿಕ್ಕಿಲ್ಲ ಎಂದು ಹೇಳಿಬಿಡುತ್ತೇನೆ.

ಅವಳು ನಲ್ಲಿ-ಪೈಪಿನ ಕೆಲಸ ಕಲಿಯುತ್ತಿರುವ, ಹಳೆಯ ಅಚ್ಚುಕೂಟದ ಶೆಡ್ಡಿನಲ್ಲಿ ನಡೆಯುವ ಈ ಸಂಸ್ಥೆಯಲ್ಲಿ ಪರೀಕ್ಷೆ ಎಂಬುದಿಲ್ಲ. ಓದು ಬಿಟ್ಟ ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿ, ಸುತ್ತಲಿನ ಬೀದಿಗಳ ಮನೆಗಳಿಗೆ ಪುಕ್ಕಟೆ ರಿಪೇರಿಗೆ ಕಳಿಸುತ್ತಾರೆ. ಹೋದ ಮನೆಯವರು ತಾವಾಗಿಯೇ ಎರಡನೆಯ ಸಲ ಕರೆದರೆ ಪಾಸು, ಆಗಲೇ ಸರ್ಟಿಫಿಕೇಟ್. ನೆಂಟರಿಷ್ಟರು ಶಿಫಾರಸು ಮಾಡುವಂತಿಲ್ಲ. ಹೀಗೆ ಪಾಸಾದವರು ಅಂಗನವಾಡಿಯ ನಲ್ಲಿಯಿಂದ ಆಸ್ಪತ್ರೆಯ ತೊಟ್ಟಿಯವರೆಗೆ ಈ ಬಡಾವಣೆಯ ನೀರನ್ನೆಲ್ಲ ನೋಡಿಕೊಳ್ಳುತ್ತಿದ್ದಾರೆ. ನೋಡಿದರೆ ನೀನೂ ಮೆಚ್ಚುತ್ತೀ.

ನಿನ್ನ ಮಗಳ ಪಾಲಿಗೆ ಬಂದದ್ದು ನಮ್ಮ ಎದುರುಮನೆಯ ನಿವೃತ್ತ ನರ್ಸಮ್ಮ. ಅವರ ಬಾಯಿ ನಿನಗೆ ಗೊತ್ತಲ್ಲ! ಬಚ್ಚಲಿಗೆ ಹೊಸ ನಲ್ಲಿಗಳನ್ನು ಜೋಡಿಸಿ ಬಂದಳು. ಮರುದಿನ ಬೆಳಿಗ್ಗೆ ಬೀದಿಗೆಲ್ಲ ಕೇಳುವಂತೆ ಕೂಗು: “ತಣ್ಣೀರು ಅಂತ ತಿರುಗಿಸಿದ್ರೆ ಕೈ ಬೆಂದೋಯ್ತಲ್ಲೇ! ಪೈಪ್ ಹಾಕೋದ್ ಕಲಿತ್ಯೋ, ನನ್ನನ್ನ ಬೇಯ್ಸೋದ್ ಕಲಿತ್ಯೋ?”

ಆದದ್ದು ಇಷ್ಟು. ಸಂಸ್ಥೆಯಲ್ಲಿ ಅಭ್ಯಾಸಕ್ಕೆಂದು ಶೆಡ್ಡಿನ ನಡುವೆ ಒಂದು ಹಲಗೆಗೋಡೆ ನಿಲ್ಲಿಸಿದ್ದಾರೆ. ಮುಂದೆ ನಲ್ಲಿ, ಹಿಂದೆ ಪೈಪು. ಜಾಗ ಸಾಲದೆ ಇವಳು ಕಲಿತದ್ದೆಲ್ಲ ಹಿಂದೆ ನಿಂತು. ಮುಂದೆ ನಿಂತವರಿಗೆ ಎಡಗೈಗೆ ಬರಬೇಕಾದ ಬಿಸಿನೀರು ಅಲ್ಲಿಂದ ನೋಡಿದರೆ ಬಲಗೈಗೆ. ನರ್ಸಮ್ಮನ ಬಚ್ಚಲಲ್ಲಿ ಮುಂದೆ ನಿಂತಾಗಲೂ ಕೈ ಅಭ್ಯಾಸಬಲದಿಂದ ಬಲಕ್ಕೇ ಹೋಯಿತು.

ನಾನು ಅವಳ ಜೊತೆ ಸಂಸ್ಥೆಗೆ ಓಡಿದೆ. ಅಲ್ಲಿ ಕಲಿಸುವವರನ್ನು ಎಲ್ಲರೂ ಪೈಪಣ್ಣ ಅನ್ನುತ್ತಾರೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೈ ಒರೆಸಿಕೊಂಡು, “ಗೋಡೆ ಹಿಂದೆ ನಿಲ್ಸಿದ್ದು ನಾನು. ತಪ್ಪಲ್ಲಿ ಅರ್ಧ ನಂದೇ ಕಣಮ್ಮ. ಆದ್ರೆ ಹೋಗಿ ಬಾಗಿಲು ತಟ್ಟೋದು ಮಾತ್ರ ಪೂರ್ತಿ ನಿಂದು,” ಅಂದರು. ಅವತ್ತೇ ಎಲ್ಲರೂ ಸೇರಿ ಆ ಹಲಗೆಯನ್ನು ಶೆಡ್ಡಿನ ಗೋಡೆಗೆ ಒರಗಿಸಿ ಬಿಗಿದರು. ಇನ್ನು ಯಾರೂ ಹಿಂದೆ ನಿಂತು ಕಲಿಯುವಂತಿಲ್ಲ. ತನ್ನ ತಪ್ಪನ್ನು ಇಷ್ಟು ಬೇಗ, ಇಷ್ಟು ಸದ್ದಿಲ್ಲದೆ ತಿದ್ದಿಕೊಂಡ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ.

ಇವಳು ಹೋಗಿ ತಟ್ಟಿದಳು. ಕಿಟಕಿಯಿಂದ ನೋಡುತ್ತಿದ್ದೆ. ನರ್ಸಮ್ಮ ಅರ್ಧ ಬಾಗಿಲು ತೆರೆದು, “ದೊಡ್ಡಮ್ಮನ್ನ ಕಳ್ಸು, ಮಾತಾಡ್ಬೇಕು,” ಅಂದರು.

“ದೊಡ್ಡಮ್ಮ ಏನ್ ಮಾಡ್ತಾರೆ ಆಂಟಿ, ಅವರಿಗೆ ಕವನ ಬಿಟ್ರೆ ಏನೂ ಬಿಗಿಯೋಕ್ ಬರಲ್ಲ. ತಪ್ಪು ನಂದು, ನಾನೇ ಸರಿ ಮಾಡ್ತೀನಿ.”

ನಿನ್ನ ಮಗಳೇ, ಅನುಮಾನವಿಲ್ಲ! ಒಳಗೆ ಹೋಗಿ ಸರಿಮಾಡಿ ಬಂದಳು. ಆಮೇಲೆ ಆ ಮನೆಯಿಂದ ಕರೆಯಿಲ್ಲ. ಇವಳು ಊಟಕ್ಕೆ ಕೂತರೂ ಕಿವಿ ಬೀದಿಯ ಕಡೆಗೆ. ನಾನೇ ಹೋಗಿ ‘ಒಮ್ಮೆ ಕರೀರಿ’ ಎಂದು ಬೇಡಿಕೊಳ್ಳಲೇ ಎಂದು ಚಪ್ಪಲಿ ಮೆಟ್ಟಿದ್ದೂ ಉಂಟು. ಮತ್ತೆ ಬಿಟ್ಟೆ. ಬೇಡಿ ತಂದ ಕರೆ ಅವಳ ಕೈಗೆ ಏನು ಕೊಟ್ಟೀತು?

ಅದಕ್ಕೇ ಕೇಳುತ್ತಿದ್ದೇನೆ, ಶುಕ್ರವಾರ ಬರಬೇಡ. ಇನ್ನಷ್ಟು ದಿನ ಕಾಯೋಣ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ನರ್ಸಮ್ಮ ಬಂದರು. ಕೂರಿ ಎಂದರೆ ಹೊಸ್ತಿಲು ದಾಟಲಿಲ್ಲ. “ಕೂರೋಕ್ ಬಂದಿಲ್ಲ ಕಣ್ರೀ. ಅಡುಗೆಮನೆ ಸಿಂಕ್ ಸೋರ್ತಿದೆ, ಆ ಹುಡುಗೀನ ಕಳ್ಸಿ. ಬೇರೆಯವ್ರು ಬೇಡ. ಅವ್ರು ಕೆಡಿಸಿದ್ರೆ ಫೋನೇ ಎತ್ತಲ್ಲ. ಇವಳು ತಾನೇ ಬಂದು ಬಾಗಿಲು ತಟ್ತಾಳೆ.”