ನಲವತ್ತಕ್ಕೆ ಮೂವತ್ತೇಳು

ಮನೆಯಿಂದ, ಹಿಂದಿನ ಕೋಣೆ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಸೊಂಟ ಹೇಗಿದೆ? ಅಣ್ಣನಿಗೆ ಹೇಳುವ ಉತ್ತರ ಬೇಡ, ನಿಜವಾದದ್ದು ಹೇಳು. ಕೋಲಿಲ್ಲದೆ ಗೇಟಿನ ತನಕ ನಡೆದೆಯಂತೆ, ಅತ್ತಿಗೆ ಹೇಳಿದರು. ಕೇಳಿ ಖುಷಿಯಾಯಿತು. ಆದರೆ ವಾಪಸ್ ಬರುವಾಗ ಗೋಡೆ ಹಿಡಿದುಕೊಂಡು ಬಂದೆ ಎಂಬುದನ್ನೂ ಅವರೇ ಹೇಳಿದ್ದಾರೆ, ಆದ್ದರಿಂದ ಜಂಬ ಸ್ವಲ್ಪ ಕಡಿಮೆ ಮಾಡು. ಕಾಲು ಸೆಳೆಯುವುದು ನಿಂತಿತೇ? ವ್ಯಾಯಾಮ ದಿನವೂ ಮಾಡುತ್ತೀಯೋ, ಅತ್ತಿಗೆ ಬಂದಾಗ ಮಾತ್ರ ಕಾಲೆತ್ತಿ ತೋರಿಸುತ್ತೀಯೋ? ನಾವು ಚೆನ್ನಾಗಿದ್ದೇವೆ. ಇವರಿಗೆ ನೆಗಡಿ, ಅದು ಬಿಟ್ಟರೆ ಏನಿಲ್ಲ. ನಾನು ಇವತ್ತು ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿದ್ದೇನೆ. ಹಲ್ಲುನೋವಿನವರು ಇದೊಂದು ದಿನ ಬೇರೆ ಯಾರ ಹತ್ತಿರವಾದರೂ ಚೀಟಿ ಬರೆಸಿಕೊಳ್ಳಲಿ.

ಪ್ರತಿ ಭಾನುವಾರ ಫೋನಿನಲ್ಲಿ ಕಿವಿ ಬಿಸಿಯಾಗುವಷ್ಟು ಹರಟುವವಳು ಪತ್ರ ಏಕೆ ಬರೆದಳು ಎಂದು ನಿನ್ನ ಎದೆ ಆಗಲೇ ಡವಡವ ಎಂದಿರುತ್ತದೆ. ಯಾರಿಗೂ ಏನೂ ಆಗಿಲ್ಲ, ಗಾಬರಿಯಾಗಬೇಡ. ಫೋನಿನಲ್ಲಿ ನಿನ್ನ ಮೊದಲ ಪ್ರಶ್ನೆ ಇದೆಯಲ್ಲ, ಅದನ್ನು ದಾಟಿ ಮುಂದೆ ಹೋಗಲು ನನ್ನಿಂದ ಆಗುತ್ತಿಲ್ಲ, ಅಷ್ಟೇ. “ಗಿಡಕ್ಕೆ ನೀರು ಹಾಕಿದ್ಯಾ?” ಎನ್ನುತ್ತೀಯ. ನಾನು ಹೂಂ ಎನ್ನುತ್ತೇನೆ. ಅಕ್ಟೋಬರಿನಿಂದ ಹೂಂ ಎನ್ನುತ್ತಲೇ ಇದ್ದೇನೆ. ನಡುವೆ ಒಂದೇ ಒಂದು ತಿಂಗಳು ಆ ಹೂಂ ನಿಜವಾಗಿತ್ತು. ಹುಟ್ಟಿದಾಗಿನಿಂದ ನಿನ್ನ ಕೈಲಿ ಬಾಯಿಬಡಕಿ ಎನ್ನಿಸಿಕೊಂಡವಳಿಗೆ ಇದೊಂದು ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನಮ್ಮ ಓಣಿಯ ಕೊನೆಯಲ್ಲಿ ನೀನು ಗಿಡ ನೋಡಿಕೊಳ್ಳುತ್ತಿದ್ದ ಜಾಗಕ್ಕೆ ಸರ್ಕಾರದ ದುಡ್ಡು ಬಂತು, ಕೆಲಸವೂ ಮುಗಿಯಿತು. ನೀನು ಎಡವಿದ ಆ ಒಡಕು ಚಪ್ಪಡಿಗಳು ಒಂದೂ ಇಲ್ಲ. ಗೇಟಿನಿಂದ ಕೊನೆಯ ಗೋಡೆಯ ತನಕ ಸಮತಟ್ಟಾದ ದಾರಿ ಮಾಡಿದ್ದಾರೆ. ಎರಡೂ ಕಡೆ ಕಂಬಿ, ಅಳತೆ ತೆಗೆದುಕೊಂಡು ಹೋಗಿ ಮಾಡಿಸಿದ ಹಾಗೆ ಸರಿಯಾಗಿ ನಿನ್ನ ಕೈ ಎತ್ತರಕ್ಕೆ. ಮೂರು ದೀಪದ ಕಂಬ. ಜಾಗ ಇರುವುದು ಎರಡು ಕಾರು ನಿಲ್ಲುವಷ್ಟು ಅಗಲ, ಅದಕ್ಕೆ ಇಷ್ಟು ಕಬ್ಬಿಣ. ಮೂಗಿಗಿಂತ ಮೂಗುತಿ ಭಾರ ಎಂದು ಇವರು ನಗುತ್ತಾರೆ. ನಗಲಿ. ಕೆಳಗಿನ ಮನೆಯ ಅಜ್ಜ ಎರಡು ವರ್ಷದ ಮೇಲೆ ಹೊರಗೆ ಬಂದು ಕಂಬಿ ಹಿಡಿದು ನಡೆಯುತ್ತಿದ್ದಾರೆ. ಅವರನ್ನು ನೋಡಿದಾಗೆಲ್ಲ ನನಗೆ ನೀನೇ ಕಾಣುತ್ತೀಯ. ಕಳೆದ ಜುಲೈನಲ್ಲಿ ಮುಸ್ಸಂಜೆಯ ಮಬ್ಬಿನಲ್ಲಿ ನೀನು ಅಲ್ಲಿ ಬಿದ್ದು ಮುಕ್ಕಾಲು ಗಂಟೆ ಯಾರಿಗೂ ಕಾಣದೆ ಮಲಗಿದ್ದೆಯಲ್ಲ, ನಾನು ಓಡಿ ಬಂದಾಗ ನಿನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? “ಕ್ಯಾನಿನ ನೀರು ಚೆಲ್ಲಿಲ್ಲ ನೋಡು, ಗಿಡಕ್ಕೆ ಹಾಕಿಬಿಡು.” ಸೊಂಟ ಮುರಿದಿತ್ತು, ನಿನಗೆ ನೀರಿನ ಚಿಂತೆ. ನಿನ್ನನ್ನು ಅಣ್ಣನ ಮನೆಗೆ ಕಳಿಸಿದ ದಿನವೇ ಮನಸ್ಸು ಗಟ್ಟಿ ಮಾಡಿಕೊಂಡೆ. ನೀನು ವಾಪಸ್ ಬರುವಷ್ಟರಲ್ಲಿ ಅಲ್ಲಿ ದಾರಿ, ದೀಪ, ಕಂಬಿ ಮೂರೂ ಇರಲೇಬೇಕು ಎಂದು.

ಈ ದುಡ್ಡು ಹೇಗೆ ಹಂಚುತ್ತಾರೆ ಎಂಬುದು ನಿನಗೆ ನೆನಪಿರಬೇಕು, ಹಿಂದಿನ ವರ್ಷ ಒಮ್ಮೆ ಸೋತಿದ್ದೆವಲ್ಲ. ಹದಿನೇಳು ಓಣಿಗಳ ಅರ್ಜಿ, ದುಡ್ಡು ನಾಲ್ಕೇ ಜಾಗಕ್ಕೆ. ಅಧಿಕಾರಿ ಬಂದು ನೋಡಿ ಅಂಕ ಹಾಕುತ್ತಾರೆ. ಜನ ಎಷ್ಟು ಬಳಸುತ್ತಾರೆ ಎಂಬುದಕ್ಕೆ ಮೂವತ್ತು, ಓಣಿಯವರು ತಾವೇ ಎಷ್ಟು ದುಡಿದಿದ್ದಾರೆ ಎಂಬುದಕ್ಕೆ ಮೂವತ್ತು. ಜಾಗ ಎಷ್ಟು ಹಾಳಾಗಿದೆ ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು, ನಲವತ್ತು. ಆಗ ಅದರಲ್ಲಿ ನಮಗೆ ಬಂದದ್ದು ನಾಲ್ಕು. ಷರಾ ಬೇರೆ ಬರೆದಿದ್ದರು, “ಜಾಗ ಸುಸ್ಥಿತಿಯಲ್ಲಿದೆ” ಎಂದು. ಸುಸ್ಥಿತಿಯಲ್ಲಿ ಇರದೆ ಏನು ಮಾಡುತ್ತದೆ, ಹತ್ತೊಂಬತ್ತು ವರ್ಷ ನೀನು ಮನೆಯ ನೆಲಕ್ಕಿಂತ ಹೆಚ್ಚು ಆ ನೆಲ ಗುಡಿಸಿದ್ದೀಯ. ಅಂಕಪಟ್ಟಿ ಓದಿ ಹೇಳಿದಾಗ ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. “ಅಂದ್ರೆ ನಾನು ಪಾಸಾ ಫೇಲಾ?” ಎಂದು ಕೇಳಿದೆ. ನಾನೂ ನಕ್ಕೆ. ಮೂರು ತಿಂಗಳಿಗೆ ನೀನು ಬಿದ್ದೆ. ಆಮೇಲೆ ಆ ನಾಲ್ಕು ಅಂಕ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಕ್ಟೋಬರಿನಲ್ಲಿ ಮತ್ತೆ ಅರ್ಜಿ ಕರೆದರು. ಸೀಟಿ ಮೇಷ್ಟ್ರ ಮನೆಯ ಕಾರ್ ಶೆಡ್ಡಿನಲ್ಲಿ ಸಭೆ ಸೇರಿತು. ಮೇಷ್ಟ್ರು ಈಗಲೂ ಹಾಗೇ. ಶಾಲೆ ಬಿಟ್ಟು ಹತ್ತು ವರ್ಷವಾದರೂ ಕೊರಳಲ್ಲಿ ಸೀಟಿ ತೂಗುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಊದುತ್ತಾರೆ. ಎಲ್ಲರೂ ಕೈಚೆಲ್ಲಿ ಕೂತಿದ್ದರು. ಮತ್ತೆ ನಾಲ್ಕೇ ಅಂಕ ತಾನೇ ಎಂಬ ನಿರಾಸೆ. ಆಗ ಯಾರೋ ಒಬ್ಬರು ಹೇಳಿದರು: “ಅಧಿಕಾರಿ ಬರೋ ತನಕ ನೀರು ಹಾಕೋದು ಬೇಡ, ಗುಡಿಸೋದೂ ಬೇಡ. ಅಂಕ ತಾನಾಗೇ ಬರುತ್ತೆ.” ಮೇಷ್ಟ್ರು ಸೀಟಿ ಬಾಯಿಗಿಟ್ಟುಕೊಂಡವರು ಊದಲಿಲ್ಲ. “ಅವರ ಗಿಡ ಇದೆಯಲ್ಲ” ಎಂದರು, ನಿನ್ನ ದಾಳಿಂಬೆಯನ್ನು ನೆನೆದು. ನಾಲ್ಕಾರು ವಾರದಲ್ಲಿ ಗಿಡ ಸಾಯುವುದಿಲ್ಲ, ಆಮೇಲೆ ನೀರು ಕೊಟ್ಟರೆ ಚಿಗುರುತ್ತದೆ ಎಂಬ ಉತ್ತರ ಬಂತು. ಎಲ್ಲರೂ ಒಪ್ಪಿದರು. ಹೇಳಿದ್ದು ಯಾರು ಎಂದು ಈಗಲೇ ಕೇಳಬೇಡ. ನಲ್ಲಿಯ ಪೆಟ್ಟಿಗೆಗೆ ಬೀಗ ಹಾಕಿದ್ದು ಮಾತ್ರ ನಾನು. ಕಾರು ಹತ್ತುವಾಗ ನೀನು ನನ್ನ ಕೈಗಿಟ್ಟು ಹೋದ ಕೆಂಪು ದಾರದ ಕೀಲಿಯಿಂದಲೇ ಹಾಕಿದೆ. “ದಿನಾ ಬೇಡ, ದಿನ ಬಿಟ್ಟು ದಿನ” ಎಂದಿದ್ದೆ. ಅದು ಕಿವಿಯಲ್ಲೇ ಇತ್ತು.

ನಾಲ್ಕಾರು ವಾರ ಎಂದದ್ದು ಮೂರು ತಿಂಗಳಾಯಿತು, ಅಧಿಕಾರಿಯ ಸುಳಿವೇ ಇಲ್ಲ. ಮೊದಲು ಅಂಚಿನ ಹೂವಿನ ಗಿಡಗಳು ಹೋದವು. ಕಾಗದ, ಪ್ಲಾಸ್ಟಿಕ್ಕು ಬಂದು ಬಿದ್ದವು, ಯಾರೂ ಎತ್ತಲಿಲ್ಲ. ಆಮೇಲೆ ಅಪ್ಪನ ದಾಳಿಂಬೆ ಎಲೆ ಉದುರಿಸತೊಡಗಿತು. ಅಪ್ಪ ಕಡೆಯ ವರ್ಷದ ಡ್ಯೂಟಿಯಲ್ಲಿ ಬಸ್ಸಿನ ಗೇರಿನ ಪಕ್ಕ ಬಿಸ್ಕತ್ ಡಬ್ಬಿಯಲ್ಲಿಟ್ಟುಕೊಂಡು ತಂದ ಗಿಡ. ಇಡೀ ದಾರಿ ಪ್ರಯಾಣಿಕರಿಗಿಂತ ಅದನ್ನೇ ಹೆಚ್ಚು ನೋಡಿಕೊಂಡರಂತೆ. ಹಣ್ಣು ಬಿಟ್ಟಾಗ “ನಿಮ್ಮಪ್ಪನ ಮುಖದ ಥರ ಹುಳಿ” ಎಂದು ನೀನು ಅವರೆದುರೇ ಉಗುಳಿದ್ದೆ. ಅವರು ಹೋದ ಮೇಲೆ ಅದೇ ಹುಳಿ ಹಣ್ಣನ್ನು ಒಂದು ಕಾಳೂ ಬಿಡದೆ ತಿಂದೆ. ಗ್ಯಾಸ್ ಮುಗಿದದ್ದು, ನಾನು ಎದುರು ಮಾತಾಡಿದ್ದು, ಅಣ್ಣನ ಫೋನು ಬಾರದ್ದು, ಎಲ್ಲವನ್ನೂ ಅದರ ಬುಡದಲ್ಲಿ ನಿಂತು ಒಪ್ಪಿಸುತ್ತಿದ್ದೆ. ಗಿಡದ ಹತ್ತಿರ ಏನು ಮಾತು ಎಂದು ನಾನು ಗೇಲಿ ಮಾಡುತ್ತಿದ್ದೆ. ಎಲೆ ಉದುರುವಾಗಲೂ ನಾನು ದಿನಾ ಎರಡು ಹೊತ್ತು ಅದೇ ದಾರಿಯಲ್ಲಿ ಕ್ಲಿನಿಕ್ಕಿಗೆ ಹೋಗಿ ಬರುತ್ತಿದ್ದೆ ಅಮ್ಮಾ. ಒಣಗಿದಷ್ಟೂ ಒಳ್ಳೆಯದು ಎಂದು ಒಳಗೊಳಗೇ ಅಂಕ ಲೆಕ್ಕ ಹಾಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಕಿದ್ದು ನಿಜ.

ಜನವರಿಯಲ್ಲಿ ಅಧಿಕಾರಿ ಬಂದರು. ಸಣ್ಣ ವಯಸ್ಸಿನ ಹೆಂಗಸು, ತಿಳುವಳಿಕೆಯುಳ್ಳವರು, ಎಲ್ಲಕ್ಕೂ ಫೋಟೋ ತೆಗೆದರು. ಪಾಪ, ಈ ಓಣಿಗೆ ಯಾಕೆ ಇಷ್ಟು ದಿನ ಕೊಡಲಿಲ್ಲವೋ ಎಂದು ಮರುಗಿದರು. ನಲವತ್ತಕ್ಕೆ ಮೂವತ್ತೇಳು. ಓಣಿಯವರ ದುಡಿಮೆಗೂ ಪೂರ್ತಿ ಅಂಕ ಸಿಕ್ಕಿತು, ನಿನ್ನ ಹತ್ತೊಂಬತ್ತು ವರ್ಷದ ಕಥೆಯನ್ನು ನಾನು ಅರ್ಜಿಯಲ್ಲಿ ಅಷ್ಟು ಚೆಂದ ಬರೆದಿದ್ದೆ. ಕೊನೆಗೆ ಅವರು ಜಾಗದ ನಕ್ಷೆ ಬರೆದರು, ತೆಗೆಯಬೇಕಾದ್ದನ್ನು ಪಟ್ಟಿ ಮಾಡಿದರು. ಒಡೆದ ಚಪ್ಪಡಿ, ಮುರಿದ ಬೇಲಿ, ಒಣಗಿದ ಮರ ಒಂದು. ಕೆಳಗೆ ಓಣಿಯ ಪರವಾಗಿ ಸಹಿ ಬೇಕಿತ್ತು. ದಿನಕ್ಕೆ ನೂರು ಅರ್ಜಿ ತುಂಬಿಸುವ ಕೈ ನನ್ನದು, ಓದದೆ ಸಹಿ ಹಾಕಬೇಡಿ ಎಂದು ಊರವರಿಗೆಲ್ಲ ಬುದ್ಧಿ ಹೇಳುವವಳು ನಾನು. ಅಂಕದ ಖುಷಿಯಲ್ಲಿ ಓದದೆ ಹಾಕಿದೆ. ಅವರ ಜೀಪು ತಿರುಗುವ ಮೊದಲೇ ಬೀಗ ತೆಗೆದು ನಾಲ್ಕು ಕ್ಯಾನ್ ನೀರು ಸುರಿದೆ. ಅಂದಿನಿಂದ ದಿನ ಬಿಟ್ಟು ದಿನ ತಪ್ಪಿಸಲಿಲ್ಲ.

ಚಿಗುರಿತು ಅಮ್ಮಾ. ಫೆಬ್ರವರಿ ನಡುವೆ ಬುಡದಲ್ಲಿ ಕೆಂಪಗೆ ಎರಡು ಎಲೆ, ಮಾರನೆಯ ದಿನ ಮೇಲಿನ ಕೊಂಬೆಯಲ್ಲೂ ಕಂಡವು. ಓಣಿಯಲ್ಲಿ ನಿಂತು ಗಟ್ಟಿಯಾಗಿ ನಕ್ಕೆ, ಹುಚ್ಚಿ ಅಂದುಕೊಂಡಿರಬೇಕು ಜನ. ಅದೇ ವಾರ ಗುತ್ತಿಗೆದಾರ ಬಂದು ನೆಲಕ್ಕೆ ಸುಣ್ಣದ ಗುರುತು ಹಾಕಿದ. ಎರಡನೆಯ ದೀಪದ ಕಂಬಕ್ಕೆ ಗುಂಡಿ ಸರಿಯಾಗಿ ದಾಳಿಂಬೆಯ ಬುಡದಲ್ಲಿ. ನಕ್ಷೆ ತೋರಿಸಿದಾಗಲೇ ನಾನು ಆ ಪಟ್ಟಿ ಓದಿದ್ದು. ಕಚೇರಿಗೆ ಓಡಿದೆ. ಅಧಿಕಾರಿ ಕೂರಿಸಿ ನೀರು ಕೊಟ್ಟರು. “ಮೇಡಂ, ಒಂದು ಗೆರೆ ಬದಲಾದ್ರೂ ಫೈಲು ಮೊದಲಿಂದ ಹೋಗ್ಬೇಕು. ಮಾರ್ಚ್ ಮುಗಿಯೋದ್ರೊಳಗೆ ದುಡ್ಡು ಖರ್ಚಾಗ್ಬೇಕು. ಬೇಡ ಅಂದ್ರೆ ಬರೆದು ಕೊಡಿ, ಐದನೇ ಜಾಗಕ್ಕೆ ಕೊಡ್ತೀವಿ” ಎಂದು ಪಟ್ಟಿ ಮುಂದಿಟ್ಟರು. ಐದನೆಯದು ಕಾಲುವೆ ಪಕ್ಕದ ಕಾಲೊನಿ. ಅಲ್ಲಿ ಬೀಗ ಹಾಕಲು ನಲ್ಲಿಯೇ ಇಲ್ಲ, ಮಕ್ಕಳು ಆಡುವುದು ಕಸದ ಪಕ್ಕ. ಅವರು ಏನನ್ನೂ ಒಣಗಿಸಬೇಕಾಗಿರಲಿಲ್ಲ. ನಮಗಿಂತ ಮೂರು ಅಂಕ ಕಡಿಮೆ.

ಪೆನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಬೇಡ ಎಂದು ಒಂದು ಸಾಲು ಬರೆದಿದ್ದರೆ ಗಿಡ ಉಳಿಯುತ್ತಿತ್ತು, ಆ ಮಕ್ಕಳಿಗೂ ಏನೋ ಸಿಗುತ್ತಿತ್ತು. ನೀನು ಆ ಚಪ್ಪಡಿಯ ಮೇಲೆ ಮಲಗಿದ್ದದ್ದೇ ಕಣ್ಣ ಮುಂದೆ ಬಂತು. ಪೆನ್ನು ಕೆಳಗಿಟ್ಟು ಎದ್ದು ಬಂದೆ.

ಕಡಿಯುವ ದಿನ ನಾನು ಅಲ್ಲೇ ಇದ್ದೆ. ನಿನ್ನ ಕಡೆಯವರು ಯಾರಾದರೂ ಇರಲಿ ಎಂದು ನಿಂತೆ. ಕೆಲಸದವನು ಮೊದಲ ಕೊಂಬೆ ಕಡಿದು, ತೊಗಟೆಯನ್ನು ಉಗುರಿನಿಂದ ಕೆರೆದು ನನ್ನ ಮುಖ ನೋಡಿದ. “ಒಣಗಿದ್ದು ಅಂತ ಬರೆದಿದ್ದಾರಮ್ಮ. ಒಳಗೆ ಹಸಿ ಇದೆ ನೋಡಿ” ಎಂದ. ನೋಡಿದೆ. ಹಸಿರಾಗಿತ್ತು. ಕಡಿಯಪ್ಪಾ ಎಂದೆ. ಐದು ಕಡ್ಡಿ ತಂದು ಅದೇ ಬಿಸ್ಕತ್ ಡಬ್ಬಿಯಲ್ಲಿ ನೆಟ್ಟು ದಿನವೂ ನೀರು ಹಾಕಿದೆ. ಐದೂ ಕಪ್ಪಾದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗೇಟಿನ ಪಕ್ಕ ಈಗ ಒಂದು ಫಲಕವಿದೆ. ಎರಡು ಫೋಟೋ ಹಾಕಿದ್ದಾರೆ, ಮೊದಲು ಹೀಗಿತ್ತು, ಈಗ ಹೀಗಿದೆ ಎಂದು. ಮೊದಲಿನದರ ಕೆಳಗೆ “ಪಾಳು ಬಿದ್ದ ಜಾಗ” ಎಂದು ಬರೆದಿದೆ. ಅದರಲ್ಲಿ ನಮ್ಮ ದಾಳಿಂಬೆ ಎಲೆಯಿಲ್ಲದೆ ನಿಂತಿದೆ. ಅದರ ಕೆಳಗಿನ ಸಾಲಿನಲ್ಲೇ, ಹತ್ತೊಂಬತ್ತು ವರ್ಷ ಈ ಜಾಗವನ್ನು ನೋಡಿಕೊಂಡವರು ಎಂದು ನಿನ್ನ ಹೆಸರಿದೆ. ಎರಡನ್ನೂ ಒಟ್ಟಿಗೆ ಓದಿದವರು ನಿನ್ನ ಬಗ್ಗೆ ಏನಂದುಕೊಳ್ಳುತ್ತಾರೋ. ಮೂವತ್ತನೆಯ ತಾರೀಖು ನಿನ್ನ ಕೈಯಿಂದಲೇ ರಿಬ್ಬನ್ ಕತ್ತರಿಸಬೇಕಂತೆ, ಮೇಷ್ಟ್ರು ಫೋನ್ ಮಾಡಿ ಕರೆಯುತ್ತಾರೆ. ಅವರ ಬಾಯಿಂದ ತಿಳಿಯುವ ಮೊದಲು ನನ್ನಿಂದ ತಿಳಿಯಲಿ ಎಂದು ಇಷ್ಟು ಬರೆದೆ. ಬರುವುದು ಬಿಡುವುದು ನಿನ್ನ ಇಷ್ಟ. ಬಂದರೆ ದಾರಿ ಚೆನ್ನಾಗಿದೆ, ಎಡವುವುದಿಲ್ಲ. ಕಂಬಿ ಹಿಡಿದು ಕೊನೆಯ ತನಕ ಹೋಗಬಹುದು. ಹೋಗಿ ಯಾರ ಹತ್ತಿರ ಮಾತಾಡುತ್ತೀಯೋ, ಅದು ನನಗೆ ತಿಳಿಯದು.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು. ಬಿಸಿನೀರಿನ ಶಾಖ ಬಿಡಬೇಡ. ಕಾಲು ಹಿಡಿದು ಕ್ಷಮೆ ಕೇಳುತ್ತೇನೆ ಎಂದು ಬರೆಯಲು ಹೋದೆ. ನೋವಿರುವ ಕಾಲು ಅದು, ಬೇಡ. ಕೈ ಹಿಡಿದುಕೊಳ್ಳುತ್ತೇನೆ, ಬಿಡಿಸಿಕೊಳ್ಳಬೇಡ.

ನಿನ್ನ
ಬಾಯಿಬಡಕಿ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ, ಅಂಚೆಯ ಹೊತ್ತಾಯಿತು. ಸಭೆಯಲ್ಲಿ ನೀರು ಬೇಡ ಎಂದ ಆ ಯಾರೋ ಒಬ್ಬರು ನಾನೇ ಅಮ್ಮಾ. ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ. ಗಿಡ ಸಾಯುವುದಿಲ್ಲ ಎಂದು ಮೇಷ್ಟ್ರಿಗೆ ಉತ್ತರ ಕೊಟ್ಟದ್ದೂ ನಾನೇ, ಅವರನ್ನು ಬೈಯಬೇಡ. ಈ ಭಾನುವಾರ ಫೋನ್ ಮಾಡು. ನೀರು ಹಾಕಿದ್ಯಾ ಎಂದು ನೀನು ಕೇಳದಿದ್ದರೆ, ಪತ್ರ ತಲುಪಿದೆ ಎಂದು ತಿಳಿದುಕೊಳ್ಳುತ್ತೇನೆ.